ಮೊದಲು ‘ಬೇಡ’ ಎನ್ನುವ ಕಾರ್ಡ್ ಕೊಡಿ: ವಿಶೇಷ ಅಗತ್ಯವಿರುವ ಮಕ್ಕಳಿಗೆ ಮಾತು ಮತ್ತು ಓದು ಕಲಿಸುವ ದಾರಿ

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ದಿನಾ ಬಿಸಿಯೂಟದ ತಟ್ಟೆ ತಳ್ಳುತ್ತಿದ್ದ. ಒಂದನೇ ತರಗತಿ, ಆರು ವರ್ಷ, ಮಾತು ಬರುತ್ತಿರಲಿಲ್ಲ. ಹಟ ಅಂದುಕೊಂಡೆವು. ಗದರಿದೆವು ಕೂಡ. ಒಂದು ದಿನ ಅಡುಗೆಯ ಅಕ್ಕ ಅವನಿಗೆ ಸಾಂಬಾರು ಹಾಕಲು ಮರೆತರು. ಬರೀ ಅನ್ನದ ತಟ್ಟೆ. ಅವನು ಒಂದು ಅಗುಳೂ ಬಿಡದೆ ಉಂಡ. ಅವನಿಗೆ ಅನ್ನದ ಮೇಲೆ ಸಾಂಬಾರು ಬೇಡವಾಗಿತ್ತು, ಅಷ್ಟೇ. ಅದನ್ನು ಹೇಳಲು ಅವನ ಹತ್ತಿರ ಇದ್ದ ಒಂದೇ ದಾರಿ ತಟ್ಟೆ ತಳ್ಳುವುದು.

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಕಲಿಸುತ್ತೇನೆ. ಆ ದಿನದಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಮಾತು ತಡವಾದ ಮಗು, ಆಟಿಸಂ ಇರುವ ಮಗು, ಬುದ್ಧಿ ಬೆಳವಣಿಗೆ ನಿಧಾನವಾದ ಮಗು, ಅಕ್ಷರ ಕೂಡಿಸಲು ತಿಣುಕುವ ಮಗು — ಯಾರೇ ಬರಲಿ, ಸ್ಲೇಟು ಹಿಡಿಸುವ ಮೊದಲು ಹೇಳಿಕೊಳ್ಳಲು ಒಂದು ದಾರಿ ಮಾಡಿಕೊಡುತ್ತೇನೆ. ಹೇಳಿದರೆ ಯಾರಾದರೂ ಕೇಳುತ್ತಾರೆ ಎಂಬ ನಂಬಿಕೆ ಬಂದ ಮಗುವಿಗೆ ಓದುವುದಕ್ಕೂ ಆಸೆ ಬರುತ್ತದೆ. ನಾನು ಮಾಡುವುದನ್ನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ. ಟೀಚರ್‌ಗಳಿಗೂ ಆಗುತ್ತದೆ, ಅಪ್ಪ ಅಮ್ಮಂದಿರಿಗೂ ಆಗುತ್ತದೆ.

ಹೆಜ್ಜೆ 1: ಎರಡು ವಾರ ನೋಡಿ, ಬರೆದಿಡಿ

ಒಂದು ನೋಟ್‌ಬುಕ್ ಇಡಿ. ಮೂರು ವಿಷಯ ಬರೆಯಿರಿ: ಏನು ನಡೆಯಿತು, ಮಗು ಏನು ಮಾಡಿತು, ನಿಮಗೆ ಏನು ಅನ್ನಿಸಿತು. ‘ಗಂಟೆ ಹೊಡೆಯಿತು. ಕಿವಿ ಮುಚ್ಚಿ ಮೂಲೆಗೆ ಹೋದಳು. ಸದ್ದು ಜಾಸ್ತಿ ಆಯಿತೇನೋ.’ ಇಷ್ಟು ಸಾಕು. ಎರಡು ವಾರದ ಹೊತ್ತಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಮಗು ದಿನವಿಡೀ ಏನೋ ಹೇಳುತ್ತಲೇ ಇದೆ. ಕೈ ಹಿಡಿದು ಎಳೆಯುವುದು, ನೀರಿನ ಬಾಟಲಿ ಕಡೆ ನೋಡುವುದು, ಬೆನ್ನು ತಿರುಗಿಸುವುದು ಎಲ್ಲ ಮಾತೇ.

ಇದೇ ಹೊತ್ತಿನಲ್ಲಿ ಕಿವಿ ಮತ್ತು ಕಣ್ಣು ಪರೀಕ್ಷೆ ಮಾಡಿಸಿ. ಇದನ್ನು ಮಾತ್ರ ಮುಂದೂಡಬೇಡಿ. ಮಳೆಗಾಲದಲ್ಲಿ ಕಿವಿ ಸೋರುವ ಮಕ್ಕಳು ನಮ್ಮ ಕಡೆ ಎಷ್ಟಿಲ್ಲ! ಹಾಗೆ ಸೋರಿ ಸೋರಿ ಅರ್ಧ ಕೇಳುವ ಮಗುವನ್ನು ‘ಹೇಳಿದ ಮಾತು ಕೇಳುವುದಿಲ್ಲ’ ಅಂತ ನಾನೇ ಒಂದು ವರ್ಷ ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ. ಈಗ ನೆನೆದರೂ ಸಂಕಟವಾಗುತ್ತದೆ. ಆರ್.ಬಿ.ಎಸ್.ಕೆ. (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಶಾಲೆಗೆ ತಪಾಸಣೆಗೆ ಬಂದಾಗ ನಿಮ್ಮ ನೋಟ್‌ಬುಕ್ ತೋರಿಸಿ. 2013ರಿಂದ ನಡೆಯುತ್ತಿರುವ ಈ ಕಾರ್ಯಕ್ರಮ ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ತಂಡದವರ ಹತ್ತಿರ ಒಂದು ಮಗುವಿಗೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ನೀವು ಬರೆದಿಟ್ಟ ಎರಡು ಪುಟ ಬಹಳ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ರೋಗದ ಹೆಸರು ನಾವು ಹೇಳಬಾರದು. ‘ನಿಮ್ಮ ಮಗುವಿಗೆ ಆಟಿಸಂ ಇದೆ’ ಎನ್ನುವುದು ವೈದ್ಯರ ಕೆಲಸ. ‘ಹೆಸರು ಕರೆದರೆ ತಿರುಗಿ ನೋಡುವುದು ಕಡಿಮೆ, ತೋರಿಸಿ ಬರೋಣ’ ಎನ್ನುವುದು ನಮ್ಮ ಕೆಲಸ.

ಹೆಜ್ಜೆ 2: ಮನೆಯ ಮಾತು ಯಾವುದು, ಕೇಳಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟರೆ ಮುಂದಿನದೆಲ್ಲ ಹಾಳು. ಕಾರವಾರದ ಮಗುವಿನ ಮನೆಯಲ್ಲಿ ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಕನ್ನಡ. ಶಿರಸಿ, ಸಿದ್ದಾಪುರದಲ್ಲಿ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಇವರಲ್ಲಿ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಮೊದಲ ಸಲ ಕೇಳುವ ಮಾತು. ಮಾತೇ ತಡವಾದ ಮಗುವಿಗೆ ಒಂದೇ ದಿನ ‘ಉದಕ’ ಬಿಟ್ಟು ‘ನೀರು’ ಹಿಡಿ ಎಂದರೆ ಹೇಗೆ?

ತಾಯಿಯನ್ನು ಕೂರಿಸಿಕೊಂಡು 20 ಪದ ಬರೆದುಕೊಳ್ಳಿ. ಮಗು ಅಮ್ಮನನ್ನು ಏನೆಂದು ಕರೆಯುತ್ತದೆ? ಶಿರಸಿ ಕಡೆಯ ಮಗು ‘ಆಯಿ’ ಎನ್ನಬಹುದು. ಹಾಗಿದ್ದರೆ ತಾಯಿಯ ಫೋಟೋ ಕೆಳಗೆ ‘ಆಯಿ’ ಎಂದೇ ಬರೆಯಿರಿ. ಹವ್ಯಕರಲ್ಲಿ ಹುಡುಗ ‘ಮಾಣಿ’, ಹುಡುಗಿ ‘ಕೂಸು’. ಪುಸ್ತಕದಲ್ಲಿ ‘ಕೂಸು’ ಎಂದರೆ ಎಳೆಯ ಮಗು. ತನ್ನನ್ನೇ ಕೂಸು ಎಂದು ಕರೆಯುವುದನ್ನು ಕೇಳಿ ಬೆಳೆದ ಹುಡುಗಿಗೆ ಆ ಚಿತ್ರ ಗೊಂದಲ ಮಾಡುತ್ತದೆ. ಕೊಂಕಣಿ ಮನೆಯ ಮಗು ‘ಜಾಯ್’, ‘ನಾಕಾ’ ಎಂದರೆ ಅದು ಉತ್ತರವೇ. ಒಪ್ಪಿಕೊಳ್ಳಿ, ಆಮೇಲೆ ಪಕ್ಕದಲ್ಲೇ ‘ಬೇಕು’, ‘ಬೇಡ’ ಹೇಳಿ. ತಿದ್ದಬೇಡಿ, ಸೇರಿಸಿ.

ಹಾಡು ಗೊತ್ತಿರುವ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕೇಳಿ. ನಮ್ಮ ಅಂಕೋಲಾದ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹಾಡುತ್ತಿದ್ದಂಥ ಹಾಲಕ್ಕಿ ಹಾಡುಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಹಾಡುತ್ತಾ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಿ. ಮಾತನಾಡದ ಮಗು ಕೂಡ ಅಲ್ಲಿ ಒಂದು ದನಿ ಹಾಕುವುದನ್ನು ನಾನು ಕಂಡಿದ್ದೇನೆ.

ಹೆಜ್ಜೆ 3: ಆರು ಕಾರ್ಡ್

ಶುರುವಿಗೆ ಆರು ಸಾಕು: ಬೇಕು, ಬೇಡ, ಇನ್ನೂ, ಸಾಕು, ನೋವು, ಒಂದಕ್ಕೆ. ಕೊನೆಯದರಲ್ಲಿ ‘ಶೌಚಾಲಯ’ ಎಂದು ಬರೆಯಬೇಡಿ, ಯಾವ ಮಗುವೂ ಹಾಗೆ ಕೇಳುವುದಿಲ್ಲ. ಇವುಗಳ ಜೊತೆಗೆ ಆ ಮಗುವಿಗೆ ಪ್ರಾಣವಾದ ಎರಡು ಮೂರು ವಸ್ತುಗಳ ಕಾರ್ಡ್ ಇರಲಿ. ಚೆಂಡು, ಬಾಳೆಹಣ್ಣು, ಉಯ್ಯಾಲೆ, ಏನೋ ಒಂದು.

ಕೆಲವು ಮಕ್ಕಳಿಗೆ ಚಿತ್ರ ಎಂದರೇ ಅರ್ಥವಾಗುವುದಿಲ್ಲ. ಅವರಿಗೆ ವಸ್ತುವಿನಿಂದಲೇ ಶುರು ಮಾಡಿ. ಖಾಲಿ ಲೋಟ ಎಂದರೆ ನೀರು. ಬ್ಯಾಗಿನ ಪಟ್ಟಿ ಎಂದರೆ ಮನೆ. ಅದು ಹಿಡಿದ ಮೇಲೆ ಅದೇ ವಸ್ತುವಿನ ಫೋಟೋ, ಆಮೇಲೆ ಗೆರೆಚಿತ್ರ. ಫೋಟೋ ಅವರದೇ ವಸ್ತುವಿನದಾಗಿರಲಿ. ಅಂಗಡಿಯ ಚಾರ್ಟಿನಲ್ಲಿ ಬಣ್ಣಬಣ್ಣದ ಮೀನು ಇರುತ್ತದೆ. ನಮ್ಮ ಮಕ್ಕಳಿಗೆ ಮೀನು ಎಂದರೆ ಬಂಗಡೆ, ತಾರ್ಲೆ.

ಪ್ರತಿ ಚಿತ್ರದ ಕೆಳಗೆ ಪದ ದೊಡ್ಡದಾಗಿ ಬರೆಯಿರಿ. ಮಗು ದಿನಕ್ಕೆ ಹತ್ತು ಸಲ ಆ ಕಾರ್ಡ್ ಮುಟ್ಟಿದರೆ ಹತ್ತು ಸಲ ಆ ಅಕ್ಷರವನ್ನೂ ನೋಡುತ್ತದೆ. ಓದು ಇಲ್ಲಿಂದಲೇ ಶುರುವಾಯಿತು ಎಂದು ತಿಳಿಯಿರಿ.

ಕರಾವಳಿಯ ಮಳೆಗೆ ಕಾರ್ಡ್ ಉಳಿಯುವುದು ಕಷ್ಟ. ಜುಲೈ ಹೊತ್ತಿಗೆ ರಟ್ಟಿನ ಮೇಲೆ ಬೂಷ್ಟು ಬರುತ್ತದೆ. ಮೊದಲು ಕಾರ್ಡ್ ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿಸಿ, ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಿ. ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಕತ್ತರಿಸಿದರೆ ಅಂಚಿನಿಂದ ನೀರು ಒಳಗೆ ಹೋಗುತ್ತದೆ. ಎರಡು ಜೊತೆ ಮಾಡಿ, ಒಂದು ಶಾಲೆಗೆ, ಒಂದು ಮನೆಗೆ.

ಕಾರ್ಡ್‌ಗಳು 20 ದಾಟಿದ ಮೇಲೆ ಒಂದು ಹಲಗೆಗೆ ಅಂಟಿಸಿ. ಇಂಗ್ಲಿಷ್ ಹಲಗೆಗಳ ನಕಲು ಮಾಡಿದರೆ ಇಲ್ಲಿ ಒಂದು ತಪ್ಪಾಗುತ್ತದೆ. ಅವರ ವಾಕ್ಯದಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮದರಲ್ಲಿ ಕೊನೆಗೆ. ‘ನನಗೆ ನೀರು ಬೇಕು.’ ಆದ್ದರಿಂದ ಎಡಗಡೆ ಜನ, ನಡುವೆ ವಸ್ತುಗಳು, ಬಲಗಡೆ ‘ಬೇಕು, ಬೇಡ, ಕೊಡು, ಬಾ, ಹೋಗೋಣ’. ಬೆರಳು ಎಡದಿಂದ ಬಲಕ್ಕೆ ಹೋದರೆ ಕನ್ನಡದ ವಾಕ್ಯವೇ ಆಗಬೇಕು. ಮುಂದೆ ಓದುವಾಗ ಕಣ್ಣು ಹೋಗುವ ದಾರಿಯೂ ಅದೇ ಅಲ್ವಾ?

ಹೆಜ್ಜೆ 4: ಕಾರ್ಡ್ ಕೊಡುವುದನ್ನು ಕಲಿಸುವುದು

ಇದಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿನ ಎದುರು, ಕೈಯಲ್ಲಿ ಬಾಳೆಹಣ್ಣು ಹಿಡಿದು ಕೂರುತ್ತಾರೆ. ಇನ್ನೊಬ್ಬರು ಹಿಂದೆ. ಮಗು ಹಣ್ಣಿಗೆ ಕೈ ಚಾಚಿದ ಕೂಡಲೇ ಹಿಂದಿನವರು ಆ ಕೈಯನ್ನು ಮೆಲ್ಲಗೆ ಕಾರ್ಡ್ ಕಡೆಗೆ ತಂದು, ಎತ್ತಿಸಿ, ಎದುರಿನವರ ಅಂಗೈಯಲ್ಲಿ ಇಡಿಸುತ್ತಾರೆ. ಎದುರಿನವರು ತಕ್ಷಣ ‘ಬಾಳೆಹಣ್ಣು!’ ಎಂದು ಒಂದು ತುಂಡು ಕೊಡುತ್ತಾರೆ. ಹಿಂದಿನವರು ಒಂದು ಮಾತೂ ಆಡಬಾರದು. ದಿನಕಳೆದಂತೆ ಅವರ ಕೈ ಹಿಂದೆ ಸರಿಯುತ್ತಾ ಹೋಗಬೇಕು. ಮಗು ಕೈ ಕೊಸರಿದರೆ ಬಿಟ್ಟುಬಿಡಿ. ಬಲವಂತ ಬೇಡವೇ ಬೇಡ.

ಇಬ್ಬರು ಎಲ್ಲಿಂದ ತರುವುದು ಎಂದು ಕೇಳಬಹುದು. ನಾವು ಅಡುಗೆಯ ಅಕ್ಕನನ್ನೇ ಕರೆದೆವು, ಕೆಲವು ದಿನ ತಾಯಿ ಬಂದರು.

‘ಬೇಡ’ ಕಾರ್ಡ್ ಕಲಿಸುವಾಗ ಒಂದು ನಿಯಮ ನೆನಪಿಡಿ. ಮೊದಲ ಕೆಲವು ವಾರ ಮಗು ‘ಬೇಡ’ ಕೊಟ್ಟರೆ ನಾವು ಕೇಳಲೇಬೇಕು. ಸಾಂಬಾರು ಬೇಡ ಎಂದರೆ ಹಾಕಬಾರದು. ‘ಒಂದು ಸ್ವಲ್ಪ ತಿನ್ನು’ ಎಂದರೆ ಕಾರ್ಡ್ ಸುಳ್ಳಾಯಿತು. ಆ ಕಾರ್ಡನ್ನು ಮಗು ಮತ್ತೆ ನಂಬುವುದಿಲ್ಲ. ಬೇಡ ಎಂದರೂ ಬಿಡಲಾಗದ ವಿಷಯಗಳಿವೆ, ಔಷಧಿ, ರಸ್ತೆ ದಾಟುವುದು. ಅಂಥ ಕಡೆ ಶುರುವಿನಲ್ಲಿ ಈ ಕಾರ್ಡ್ ಮುಂದೆ ಇಡಬೇಡಿ.

ತಾಯಂದಿರು ನನ್ನನ್ನು ಒಂದು ಪ್ರಶ್ನೆ ಯಾವಾಗಲೂ ಕೇಳುತ್ತಾರೆ. ‘ಅಕ್ಕೋರೇ, ಕಾರ್ಡ್ ಕೊಟ್ರೆ ಅವ ಮಾತಾಡೂದೇ ಬಿಟ್ರೆ ಎಂತ ಮಾಡೂದು?’ ನ್ಯಾಯವಾದ ಭಯ. ಆದರೆ ಹಾಗಾಗುವುದಿಲ್ಲ. ಚಿತ್ರ, ಸನ್ನೆ ಬಳಸುವುದರಿಂದ ಮಾತಿಗೆ ಅಡ್ಡಿಯಾಗುವುದಿಲ್ಲ ಎಂದೇ ಅಧ್ಯಯನಗಳು ಹೇಳುತ್ತವೆ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚುತ್ತದೆ. ಇನ್ನು ಕೆಲವರಲ್ಲಿ ಮಾತು ಬರದೇ ಇರಬಹುದು. ಅವರಿಗೆ ಕಾರ್ಡೇ ಮಾತು. ಹರಕೆ ಹೊತ್ತುಕೊಂಡ ಮನೆಯವರಿಗೆ ನಾನು ಹೇಳುವುದಿಷ್ಟೇ: ಹರಕೆಯೂ ಇರಲಿ, ಮಾತಿನ ತರಬೇತಿಗೆ ಹೋಗುವುದೂ ತಪ್ಪದಿರಲಿ.

ಹೆಜ್ಜೆ 5: ಹತ್ತರವರೆಗೆ ಎಣಿಸಿ

ಏನನ್ನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಅಲ್ಲಿಯವರೆಗೆ ಮತ್ತೆ ಕೇಳಬೇಡಿ. ಓದಿದರೆ ಸುಲಭ ಅನ್ನಿಸುತ್ತದೆ, ತರಗತಿಯಲ್ಲಿ ಬಹಳ ಕಷ್ಟ. ನಾವು ಎರಡು ಸೆಕೆಂಡಿಗೆ ಮತ್ತೆ ‘ಹೇಳು, ಹೇಳು’ ಎನ್ನುತ್ತೇವೆ. ಮಗು ಮೊದಲ ಪ್ರಶ್ನೆಯನ್ನೇ ಇನ್ನೂ ಯೋಚಿಸುತ್ತಿರುತ್ತದೆ. ಎರಡನೇ ಸಲ ಕೇಳಿದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪ್ರಶ್ನೆಗಳನ್ನೇ ಕಡಿಮೆ ಮಾಡಿ. ‘ಇದೇನು? ಅದೇನು? ಇದರ ಬಣ್ಣ ಏನು?’ ಎನ್ನುವುದು ಪರೀಕ್ಷೆ, ಮಾತುಕತೆ ಅಲ್ಲ. ಅದರ ಬದಲು ನೀವೇ ಹಲಗೆಯ ಮೇಲೆ ಬೆರಳಿಟ್ಟು ಮಾತನಾಡಿ. ‘ಮಳೆ ಬಂತು’ ಎನ್ನುತ್ತಾ ‘ಮಳೆ’ ಮುಟ್ಟಿ. ಎಳೆಯ ಮಗು ಎಷ್ಟು ತಿಂಗಳು ನಮ್ಮ ಮಾತು ಕೇಳಿದ ಮೇಲೆ ಒಂದು ಪದ ಆಡುತ್ತದೆ! ಹಲಗೆಯ ಮಾತನ್ನೂ ಅಷ್ಟೇ ಸಲ ನೋಡಲು ಬಿಡಿ. ಒಂದು ತಿಂಗಳು ಉತ್ತರವೇ ಬರದಿದ್ದರೂ ನಿಲ್ಲಿಸಬೇಡಿ.

ಜೊತೆಗೆ ತರಗತಿಯ ಗೋಡೆಗೆ ಒಂದು ಹಗ್ಗ ಕಟ್ಟಿ. ಬಟ್ಟೆ ಕ್ಲಿಪ್‌ನಲ್ಲಿ ಆ ದಿನದ ಕೆಲಸಗಳ ಚಿತ್ರ ಸಾಲಾಗಿ ಹಾಕಿ: ಪ್ರಾರ್ಥನೆ, ಹಾಲು, ಓದು, ಬಿಸಿಯೂಟ, ಆಟ, ಮನೆ. ಮುಗಿದದ್ದನ್ನು ಮಗುವೇ ತೆಗೆದು ಡಬ್ಬಕ್ಕೆ ಹಾಕಲಿ. ಮುಂದೇನು ಎಂದು ಗೊತ್ತಾದರೆ ಅರ್ಧ ಅಳು ನಿಲ್ಲುತ್ತದೆ. ಮಳೆಯಿಂದ ಆಟ ರದ್ದಾದ ದಿನ ಆ ಚಿತ್ರವನ್ನು ಮೊದಲೇ ತೆಗೆದು ತೋರಿಸಿ.

ಹೆಜ್ಜೆ 6: ಓದು, ಬಸ್ಸಿನ ಬೋರ್ಡಿನಿಂದ

ಕನ್ನಡ ಓದಲು ಸುಲಭ, ಬರೆದಂತೆ ಓದುವುದು ಎನ್ನುತ್ತಾರೆ. ಮಗುವಿನ ಕಡೆಯಿಂದ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಕಾಗುಣಿತವೇ 442. ಅದರ ಮೇಲೆ ಒತ್ತಕ್ಷರ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರ ಕಲಿಯುವುದು ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುವುದು ಕಂಡಿದೆ. ಎಲ್ಲ ಮಕ್ಕಳಿಗೂ ಇಷ್ಟು ಹೊತ್ತು ಬೇಕು ಎಂದ ಮೇಲೆ ವಿಶೇಷ ಅಗತ್ಯವಿರುವ ಮಗುವಿಗೆ ಇನ್ನೂ ಹೊತ್ತು ಬೇಕು. ಗಾಬರಿಯಾಗಬೇಡಿ.

ಮೊದಲು ಕಿವಿಗೆ ಕೆಲಸ ಕೊಡಿ. ಹೆಸರು ಕರೆಯುವಾಗ ಚಪ್ಪಾಳೆ ತಟ್ಟಿ. ಬಂ-ಗ-ಡೆ, ಮೂರು. ದೋ-ಣಿ, ಎರಡು. ಮಾತು ಬಾರದ ಮಗು ಚಪ್ಪಾಳೆ ತಟ್ಟಲಿ, ಇಲ್ಲವೇ ಅಷ್ಟು ಚಿಪ್ಪು ಸಾಲಾಗಿ ಇಡಲಿ. ಚಿಪ್ಪಿಗೆ ನಮ್ಮಲ್ಲಿ ಬರವಿಲ್ಲ.

ಆಮೇಲೆ ಇಡೀ ಪದ. ಮಗುವಿನ ಹೆಸರು, ಮನೆಯವರ ಹೆಸರು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ — ಮಗುವಿಗೆ ತೀರ ಹತ್ತಿರದ ಪದಗಳಲ್ಲೆಲ್ಲ ಒತ್ತಕ್ಷರ! ಒತ್ತಕ್ಷರದ ಪಾಠ ಬರುವವರೆಗೆ ಇವನ್ನು ಮುಂದೂಡಿದರೆ ಮಗು ‘ಅಮ್ಮ’ ಓದಲು ವರ್ಷ ಕಾಯಬೇಕು. ಫೋಟೋ ಜೊತೆಗೆ ಇಡೀ ಚಿತ್ರದ ಹಾಗೆ ಗುರುತು ಹಿಡಿಯಲಿ. ಬಿಡಿಸಿ ಓದುವುದು ಆಮೇಲೆ.

ಅಕ್ಷರಕ್ಕೆ ಬಂದಾಗ ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕಾ ಪದ್ಧತಿ ನಲಿ ಕಲಿಯ ‘ರ ಗ ಸ ದ ಅ’ ಕ್ರಮ ಒಳ್ಳೆಯದು. ಎರಡು ಮೂರು ಅಕ್ಷರ ಬಂದ ಕೂಡಲೇ ಸರ, ಗರಗಸ ಎಂದು ಪದ ಆಗುತ್ತದೆ. ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ: ಪ-ಷ, ಬ-ಭ, ದ-ಧ, ಮ-ಯ, ನ-ಸ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮರಳಿನಲ್ಲಿ ಬೆರಳಿನಿಂದ ದೊಡ್ಡದಾಗಿ ಬರೆಸಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕಾಗುಣಿತಕ್ಕೆ ನಾನು ನಮ್ಮ ಬಸ್ಸುಗಳ ಬೋರ್ಡ್ ಬಳಸುತ್ತೇನೆ. ಶಾಲೆಯ ಮುಂದೆ ಬಸ್ ಹೋಗುತ್ತಲೇ ಇರುತ್ತದೆ, ಮಕ್ಕಳಿಗೆ ಅದರ ಮೇಲೆ ಕಣ್ಣು. ಊರುಗಳ ಹೆಸರು ಸುಲಭದಿಂದ ಕಷ್ಟಕ್ಕೆ ತಾವೇ ಸಾಲಾಗಿ ನಿಂತ ಹಾಗಿದೆ. ‘ಕಾರವಾರ’ ಎಂದರೆ ದೀರ್ಘ ಮಾತ್ರ, ಅದೂ ಎರಡೇ ಕಡೆ. ‘ಶಿರಸಿ’ಯಲ್ಲಿ ಗುಡಿಸು. ‘ಕುಮಟಾ’ದಲ್ಲಿ ಕೊಂಬು ಬಂತು. ‘ಅಂಕೋಲಾ’ದಲ್ಲಿ ಸೊನ್ನೆ, ಓತ್ವ. ‘ಯಲ್ಲಾಪುರ’, ‘ಹೊನ್ನಾವರ’ದಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ‘ಭಟ್ಕಳ’ದಲ್ಲಿ ಬೇರೆ ಅಕ್ಷರದ ಒತ್ತು. ಕೊನೆಗೆ ‘ಗೋಕರ್ಣ’. ಅಲ್ಲಿ ಅರ್ಕಾವತ್ತು. ಬಾಯಲ್ಲಿ ರ ಮೊದಲು, ಬರೆಯುವಾಗ ಕೊನೆಗೆ. ದೊಡ್ಡವರಿಗೂ ತೊಡಕಾಗುವ ಜಾಗ. ಅದಕ್ಕೆ ಎಷ್ಟು ತಿಂಗಳಾದರೂ ಆಗಲಿ.

ಪ್ರತಿ ಊರಿಗೆ ಒಂದು ರಟ್ಟಿನ ಬೋರ್ಡ್ ಮಾಡಿ. ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ ಆಡಿ. ಮಗುವಿನ ಕೈಯಲ್ಲಿ ‘ಶಿರಸಿ’ ಟಿಕೆಟ್ ಇದ್ದರೆ ಅದೇ ಬೋರ್ಡಿನ ಬಸ್ ಹತ್ತಬೇಕು. ಬಾಯಿ ತೆರೆಯದ ಮಗುವೂ ಸರಿಯಾದ ಬಸ್ ಹತ್ತಿದರೆ ಓದಿತು ಎಂದೇ ಲೆಕ್ಕ. ಓದು ಎಂದರೆ ಗಟ್ಟಿಯಾಗಿ ಹೇಳುವುದು ಎಂದುಕೊಂಡು ಎಷ್ಟೋ ಮಕ್ಕಳನ್ನು ನಾವು ‘ಓದಲು ಬರುವುದಿಲ್ಲ’ ಎಂದು ಬರೆದುಬಿಟ್ಟಿದ್ದೇವೆ. ತೋರಿಸುವುದು, ಜೋಡಿಸುವುದು, ಎತ್ತಿ ಕೊಡುವುದು ಎಲ್ಲವೂ ಓದಿನ ಉತ್ತರವೇ.

ಒತ್ತಕ್ಷರದಲ್ಲಿ ಇನ್ನೊಂದು ಮಾತು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಕ, ಪ, ದ ಇಂಥವುಗಳಲ್ಲಿ ಹೋಲಿಕೆ ಕಾಣುತ್ತದೆ, ಮೊದಲು ಅವನ್ನೇ ಕಲಿಸಿ. ಹೋಲಿಕೆ ಇಲ್ಲದ ಆ ಆರನ್ನು ಬೇರೆ ಕಾರ್ಡ್ ಮಾಡಿ ಗೋಡೆಗೆ ಅಂಟಿಸಿ. ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ, ಬೇಕಾದಾಗ ತಿರುಗಿ ನೋಡಲಿ.

ಓದು ಸ್ವಲ್ಪ ಹಿಡಿದ ಮೇಲೆ ಮಗುವಿನದೇ ಪುಸ್ತಕ ಮಾಡಿ. ಎಂಟು ಪುಟ, ಪುಟಕ್ಕೊಂದು ಫೋಟೋ, ಒಂದು ಸಾಲು. ‘ಇದು ನಮ್ಮ ದೋಣಿ.’ ‘ಅಪ್ಪ ಬಲೆ ಹಾಕುತ್ತಾರೆ.’ ಸಾಲನ್ನು ಮಗುವೇ ಹಲಗೆಯಿಂದ ಆರಿಸಲಿ. ಫೋಟೋ ತೆಗೆಯಲು ಮನೆಯವರ ಒಪ್ಪಿಗೆ ಕೇಳಿ, ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಮಾತು ಚೆನ್ನಾಗಿದ್ದೂ ಓದು ಹತ್ತದ ಮಕ್ಕಳು

ನಾಲ್ಕನೇ ಐದನೇ ತರಗತಿಗೆ ಬಂದರೂ ಅಕ್ಷರ ಕೂಡಿಸಲು ಬೆವರುವ, ಆದರೆ ಯಕ್ಷಗಾನದ ಕಥೆ ಪೂರ್ತಿ ಹೇಳುವ ಮಕ್ಕಳಿರುತ್ತಾರೆ. ಇವರನ್ನು ಸೋಮಾರಿ ಎನ್ನುತ್ತಾರೆ. ಕಲಿಕಾ ನ್ಯೂನತೆ ಇರಬಹುದು. ಇವರನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ. ಪಕ್ಕದಲ್ಲಿ ಕುಳಿತು ಜೊತೆಗೆ ಓದಿ, ನೀವು ಒಂದು ಸಾಲು, ಅವರು ಒಂದು ಸಾಲು. ಓದುವ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಉಳಿದದ್ದು ಮುಚ್ಚಿ. ಪಾಠವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಮನೆಗೆ ಕಳಿಸಿ. ವಿಜ್ಞಾನದ ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ, ಅಲ್ಲಿ ನೀವು ನೋಡುತ್ತಿರುವುದು ವಿಜ್ಞಾನ ಗೊತ್ತಿದೆಯೋ ಇಲ್ಲವೋ ಎನ್ನುವುದನ್ನು.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ. ಆಟಿಸಂ, ಮಾತಿನ ತೊಂದರೆ, ಕಲಿಕಾ ನ್ಯೂನತೆ ಮೂರೂ ಅದರಲ್ಲಿವೆ. ಅಂಗವಿಕಲತೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನಿಮ್ಮ ತಾಲೂಕಿನ ಬಿ.ಆರ್.ಸಿ. (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ನಮ್ಮದು ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನವರು ಶಿರಸಿಗೆ, ಕರಾವಳಿಯವರು ಕಾರವಾರಕ್ಕೆ. ಯು.ಡಿ.ಐ.ಡಿ. ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಬೇಗ ಅರ್ಜಿ ಹಾಕಿ. ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗಬೇಕಾದರೆ ದಾಖಲೆ ಬೇಕು. ಹತ್ತನೇ ತರಗತಿಯಲ್ಲಿ ಓಡಾಡುವ ಬದಲು ಎಂಟರಲ್ಲೇ ಮುಗಿಸಿ.

ಕೊನೆಯ ಹೆಜ್ಜೆ: ಮುಂದಿನ ಟೀಚರ್‌ಗೆ ಒಂದು ಪುಟ

ವರ್ಷವಿಡೀ ಕಟ್ಟಿದ್ದು ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಹೋದಾಗ ಕುಸಿಯುತ್ತದೆ. ನಮ್ಮ ಆ ಹುಡುಗನಿಗೂ ಹಾಗೇ ಆಯಿತು. ಎರಡನೇ ತರಗತಿಯ ಮೊದಲ ವಾರ ಕಾರ್ಡ್‌ಗಳು ಬೀರುವಿನಲ್ಲೇ ಉಳಿದಿದ್ದವು, ತಟ್ಟೆ ಮತ್ತೆ ನೆಲಕ್ಕೆ ಬಿತ್ತು. ಈಗ ನಾವು ಮಾರ್ಚ್‌ನಲ್ಲೇ ಮನೆಯವರ ಜೊತೆ ಕುಳಿತು ಒಂದು ಪುಟ ಬರೆಯುತ್ತೇವೆ, ಮಗುವೇ ಮಾತನಾಡಿದ ಹಾಗೆ. ಅವನ ಪುಟದಲ್ಲಿ ಹೀಗಿದೆ: ‘ನಾನು ಕಾರ್ಡಿನಲ್ಲಿ ಮಾತನಾಡುತ್ತೇನೆ. ಕಾರ್ಡ್ ನನ್ನ ಸೊಂಟದ ಚೀಲದಲ್ಲಿದೆ, ಅದನ್ನು ತೆಗೆದಿಡಬೇಡಿ. ಕೇಳಿದ ಮೇಲೆ ಹತ್ತರವರೆಗೆ ಎಣಿಸಿ. ಕಿವಿ ಮುಚ್ಚಿದರೆ ಸದ್ದು ಜಾಸ್ತಿ ಎಂದು ಅರ್ಥ. ಕುಮಟಾ ಬೋರ್ಡ್ ಓದಲು ಬರುತ್ತದೆ, ಅಂಕೋಲಾ ಕಲಿಯುತ್ತಿದ್ದೇನೆ. ಅನ್ನದ ಮೇಲೆ ಸಾಂಬಾರು ಹಾಕಬೇಡಿ, ಪಕ್ಕದಲ್ಲಿ ಲೋಟದಲ್ಲಿ ಕೊಡಿ.’